ಅಂತೋಣಿಯ ಪಾಲಿಷ್ ವಾಸನೆ

ಮೊನ್ನೆ ಇಡೀ ದಿನ ನಾನೊಬ್ಬ ಮನುಷ್ಯನನ್ನು ಮೂಸುತ್ತಾ ಕಳೆದೆ.

ನಗಬೇಡಿ. ದಟ್ಟಗಳ್ಳಿಯ ನಮ್ಮ ಮನೆಯ ತೇಗದ ಬಾಗಿಲಿಗೆ ಪಾಲಿಷ್ ಮಾಡಲು ಲಷ್ಕರ್ ಮೊಹಲ್ಲಾದಿಂದ ಅಂತೋಣಿ ಬಂದಿದ್ದರು. ಬಂದವರೇ, "ಸಾರ್, ಮೊದ್ಲೇ ಹೇಳ್ಬುಡ್ತೀನಿ. ತುಂಬಾ ಕುಡೀತಿದ್ದೆ. ಡಿ-ಅಡಿಕ್ಷನ್ ಸೆಂಟರ್‌ನಲ್ಲಿದ್ದು ಬಂದಿದೀನಿ. ಈಗ ಮುಟ್ಟಲ್ಲ" ಎಂದರು.

ಯಾರೂ ಕೇಳದೆ ಇಷ್ಟು ಸತ್ಯ ಹೇಳುವವರನ್ನು ಕಂಡರೆ ನನಗೆ ಅನುಮಾನ ಜಾಸ್ತಿ. (ಅದು ನನ್ನ ಹುಟ್ಟುಗುಣ. ಹಾಲಿನವನಿಂದ ಹಿಡಿದು ಹವಾಮಾನ ವರದಿಯವರೆಗೆ ಯಾವುದನ್ನೂ ನಾನು ಬಿಟ್ಟಿಲ್ಲ.)

ಕಷ್ಟ ಏನೆಂದರೆ, ಈ ಹಳೇ ಕಾಲದ ಪಾಲಿಷ್‌ಗೆ ಅರಗು ಕರಗಿಸುವುದೇ ಸ್ಪಿರಿಟ್‌ನಲ್ಲಿ. ಬಾಟಲಿ ತೆರೆದರೆ ಮನೆಯೆಲ್ಲ ಸಾರಾಯಿಯಂಥದೇ ವಾಸನೆ. ಅವರ ಕೈ, ಅಂಗಿ, ಉಜ್ಜುವ ಬಟ್ಟೆ, ಎಲ್ಲವೂ ಅದೇ. ಬಾಯಿಯ ವಾಸನೆ ಯಾವುದು, ಬಾಗಿಲಿನ ವಾಸನೆ ಯಾವುದು? ಕಾಫಿ ಕೊಡುವ ನೆಪದಲ್ಲಿ ಹತ್ತಿರ ಹೋದೆ. ಗೊತ್ತಾಗಲಿಲ್ಲ. ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟೆ. (ಪಾಲಿಷ್ ಮಾಡಿದರೆ ಸ್ಪಿರಿಟ್ ಇಳಿಯಲೇಬೇಕಲ್ಲ ಎನ್ನುವುದು ಆಮೇಲೆ ಹೊಳೆಯಿತು!)

ಸಂಜೆ ಬಾಗಿಲು ಫಳಫಳ. ಅಂತೋಣಿ ಮಾತ್ರ ಹೊರಡಲೊಲ್ಲರು. ಕೈ ತೊಳೆಯಿರಿ ಎಂದು ಸೋಪು ಕೊಟ್ಟರೆ ಅದೂ ಬೇಡ.

"ಸೋಪ್ ಹಾಕಿದ್ರೆ ವಾಸನೆ ಮುಚ್ಚೋಕ್ ನೋಡ್ತಿದೀಯ ಅಂತಾಳೆ ನಮ್ಮನೆಯವ್ಳು. ಹಾಕ್ದಿದ್ರೆ ಕುಡ್ದಿದೀಯ ಅಂತಾಳೆ. ಇನ್ನೊಂದ್ಸಲ ಕುಡಿದ್ರೆ ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ ಅಂದ್ಬುಟ್ಟವ್ಳೆ. ನೀವೊಂದು ಮಾತು ಫೋನಲ್ಲಿ ಹೇಳ್ಬುಡಿ ಸಾರ್."

"ಬೇರೆ ಕೆಲಸ ನೋಡ್ಕೋಬಾರ್ದಾ?"

"ಇದೊಂದೇ ಸಾರ್ ನಂಗ್ ಬರೋದು."

ಫೋನ್ ಮಾಡಿದೆ. "ಅಂತೋಣಿ ಕುಡಿದಿಲ್ಲ ಕಣಮ್ಮ. ಬೆಳಿಗ್ಗೆಯಿಂದ ನನ್ನ ಕಣ್ಣೆದುರೇ ಇದ್ದಾರೆ."

ಅವರ ಹೆಂಡತಿ ಫಿಲೋಮಿನಾ, "ಓದ್ಸಲ ಒಬ್ರು ಓನರ್ರೂ ಇಂಗೇ ಫೋನ್ ಮಾಡಿದ್ರು ಸಾರ್. ನೋಡಿದ್ರೆ ಇಬ್ರೂ ಒಟ್ಗೆ ಕೂತ್ಕಂಡು ಕುಡ್ದಿದ್ರು. ನೀವೂ ತಗೊಂಡಿದೀರಾ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನಾನು ಕುಡಿಯೋದೇ ಇಲ್ಲ ಕಣಮ್ಮ!"

"ಅವ್ರೂ ಅಂಗೇ ಅಂದಿದ್ರು." ಫೋನ್ ಕಟ್.

"ನಂಬಿದ್ಲಾ ಸಾರ್?" ಅಂತೋಣಿ ನನ್ನ ಮುಖವನ್ನೇ ನೋಡುತ್ತಿದ್ದರು. ಕುಡಿಯದವನು ತಾನು ಕುಡಿದಿಲ್ಲ ಎಂದು ತೋರಿಸುವುದು ಹೇಗೆ? ಆ ಮನುಷ್ಯ ದಿನಾ ಸಂಜೆ ಇದನ್ನು ಹೇಗೆ ತಡೆದುಕೊಳ್ಳುತ್ತಾರೋ ಎನಿಸಿ ಸಂಕಟವಾಯಿತು.

ಸ್ಕೂಟರ್ ತೆಗೆದೆ. ಅವರನ್ನು ಹಿಂದೆ ಕೂರಿಸಿಕೊಂಡು ನೇರ ಲಷ್ಕರ್ ಮೊಹಲ್ಲಾಕ್ಕೆ ಹೋದೆ.

ಗಂಡನನ್ನು ಒಳಗೆ ಬಿಡುವ ಮೊದಲು ಫಿಲೋಮಿನಾ ಹತ್ತಿರ ಬಂದು ಮೂಸಿದ್ದು ಯಾರನ್ನು, ಗೊತ್ತೇ?