ಸಡ್ಡಕರ ಆಫ್ರಿಕಾನ್ಸ್ ಪುಸ್ತಕ

ಮಣಿಕೊಂಡದ ನಮ್ಮ ಬೀದಿ ಮೂಲೆಯಲ್ಲಿ ಸ್ಕೂಟರ್ ರಿಪೇರಿಯವನು ಮೊನ್ನೆ ಕೈಗೆ ಡೀಸೆಲ್ ಸುರಿದುಕೊಂಡು, ಮರದ ಪುಡಿ ಹಚ್ಚಿ ಗ್ರೀಸ್ ಉಜ್ಜುತ್ತಿದ್ದ. ಆ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಸಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹೀಗೆಯೇ ಕೈ ತೊಳೆಯುತ್ತಿದ್ದರು. ತೊಳೆಯುತ್ತ "ಎಕ್ ವಸ್ ಮೇಯ್" ಎಂದು ಗುನುಗುತ್ತಿದ್ದರು. ನಾನು ನನ್ನನ್ನು ತೊಳೆದುಕೊಳ್ಳುತ್ತೇನೆ ಎಂದು ಅರ್ಥ. ಆಫ್ರಿಕಾನ್ಸ್ ಭಾಷೆ.

ನಾವಿಬ್ಬರೂ ಕಲಬುರಗಿ ಕಡೆಯಿಂದ ಬಂದವರು. ಲಿಂಗಂಪಲ್ಲಿಯಲ್ಲಿ ಒಂದೇ ಕಾಂಪೌಂಡಿನ ಎರಡು ಮನೆಗಳಲ್ಲಿ ಇದ್ದೆವು. ಕೊಳವೆಬಾವಿ ಕೊರೆಯುವ ಯಂತ್ರಗಳ ವರ್ಕ್‌ಶಾಪಿನಲ್ಲಿ ಇಬ್ಬರಿಗೂ ಕೆಲಸ. ಒಮ್ಮೆ ಮಾಲೀಕರು ನಮ್ಮನ್ನು ಕರೆದು, ಯಂತ್ರಗಳು ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತವೆ, ಜೊತೆಗೆ ಒಬ್ಬ ಫಿಟ್ಟರ್ ಎರಡು ವರ್ಷಕ್ಕೆ ಹೋಗಬೇಕು, ಅಲ್ಲಿನ ಹೊಲಗಳಲ್ಲಿ ಆಫ್ರಿಕಾನ್ಸ್ ಆಡುತ್ತಾರೆ, ನಾಲ್ಕು ಮಾತು ಬಂದವನೇ ಹೋಗುತ್ತಾನೆ ಎಂದರು.

ಆ ಭಾನುವಾರವೇ ಸಡ್ಡಕರು ಆಬಿಡ್ಸ್ ಫುಟ್‌ಪಾತಿನಿಂದ ಒಂದು ಹಳೆಯ ವ್ಯಾಕರಣ ಪುಸ್ತಕ ತಂದರು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿತ್ತು. ಅವರು ಮೆಟ್ರಿಕ್ ಫೇಲ್, ನಾನು ಪಾಸ್. ಹಾಗಾಗಿ ದಿನವೂ ಸಂಜೆ ನಮ್ಮ ಜಗುಲಿಗೆ ಬಂದು ಇಂಗ್ಲಿಷ್ ಪದಗಳ ಅರ್ಥ ಕೇಳುತ್ತಿದ್ದರು. ಅರ್ಥ ಹೇಳುವವನು ನಾನು, ಕಲಿಯುವವರು ಅವರು. ತಿಂಗಳೊಳಗೆ ನನಗೇ ಪಾಠ ಹೇಳತೊಡಗಿದರು.

"ನೋಡ್ರಿ ಸಡ್ಡಕರ, ನಾವು ನಾಚಿಕೊಂಡೆ ಅಂತೀವಲ್ಲ, ಆ 'ಕೊಂಡೆ' ಇವರಲ್ಲಿ 'ಮೇಯ್' ಆಗಿ ಕುಂತೈತಿ. ಎಕ್ ಸ್ಕಾಮ್ ಮೇಯ್, ನಾ ನಾಚಿಕೊಳ್ತೀನಿ. ಬರೇ ಸ್ಕಾಮ್ ಅಂದ್ರ ಮಾತು ಮುಗಿಯೂದಿಲ್ಲ. ತನ್ನ ನಾಚಿಕಿನೂ ತಾನ ಹೊರಬೇಕ್ರಿ."

ಒಳಗಿನಿಂದ ನನ್ನ ಹೆಂಡತಿ ನಕ್ಕಳು. "ಮೆಟ್ರಿಕ್ ಪಾಸಾದೋರು ಕೇಳ್ಕೊಳ್ರಿ."

ಆ ನಗು ನನ್ನ ಹೊಟ್ಟೆಯಲ್ಲಿ ಕೆಂಡವಾಗಿ ಉಳಿಯಿತು. ಮಾವನವರ ಮನೆಯಲ್ಲಿ ಮೊದಲ ಮಣೆ ಅವರಿಗೆ, ವರ್ಕ್‌ಶಾಪಿನಲ್ಲಿ ಕಷ್ಟದ ಕೆಲಸ ಬಂದರೆ ಕರೆ ಅವರಿಗೆ. ಈಗ ವಿಮಾನವೂ ಅವರಿಗೇ... ಮಲಗಿದರೂ ಪಕ್ಕದ ಮನೆಯಿಂದ ಅವರು ಗಟ್ಟಿಯಾಗಿ ಓದುವುದು ಕೇಳುತ್ತಿತ್ತು. ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಮಾಲೀಕರು ಪರೀಕ್ಷೆ ಮಾಡುವುದಕ್ಕೆ ಹತ್ತು ದಿನವಿತ್ತು. ಅಂದು ಕೆಲಸ ಮುಗಿಸಿ ಲೋಕಲ್ ಟ್ರೇನಿನಲ್ಲಿ ಓದುತ್ತ ಬಂದ ಸಡ್ಡಕರು ಪುಸ್ತಕವನ್ನು ನಮ್ಮ ಜಗುಲಿಯ ಮೇಲೆ ಮರೆತುಹೋದರು. ನಾನು ಅದನ್ನು ಒಳಗೆ ಒಯ್ದು ಟ್ರಂಕಿನ ತಳದಲ್ಲಿಟ್ಟೆ. ಬೆಳಿಗ್ಗೆ ಬಂದು ಕೇಳಿದಾಗ, "ನಿನ್ನೆ ನಿಮ್ಮ ಕೈಯಾಗ ಇರಲೇ ಇಲ್ರಿ, ಲೋಕಲ್ ಟ್ರೇನಿನಾಗ ಬಿಟ್ರೇನೋ" ಎಂದೆ.

ಅವರು ನಂಬಿದರು. ಮೂರು ದಿನ ನಾಂಪಲ್ಲಿ ಸ್ಟೇಷನ್ನಿನ ಕಳೆದ ವಸ್ತುಗಳ ಆಫೀಸಿಗೆ ಹೋಗಿ ವಿಚಾರಿಸಿದರು. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಅಲ್ಲಿನ ಗುಮಾಸ್ತ ಮೇಜಿನ ಕೆಳಗೆಲ್ಲ ತಡಕಿ, "ಕಿತಾಬ್ ಕೌನ್ ಜಮಾ ಕರ್ತಾ ಮಿಯಾಂ, ಛತ್ರಿ ಹೋನಾ ತೋ ಬೋಲೋ" ಎಂದು ನಕ್ಕ. ಪುಸ್ತಕ ಯಾರು ತಂದೊಪ್ಪಿಸುತ್ತಾರೆ, ಕೊಡೆ ಬೇಕಾದರೆ ಹೇಳಿ ಅಂತ. ಹೊರಗೆ ಬಂದು ಸಡ್ಡಕರು ತಮ್ಮ ಹಣೆ ತಾವೇ ಬಡಿದುಕೊಂಡರು. ನಾನು ಅವರಿಗೆ ಚಹಾ ಕುಡಿಸಿದೆ.

ಆ ಹತ್ತು ದಿನ ಬಾಗಿಲು ಹಾಕಿಕೊಂಡು ಓದಿದವನು ನಾನು. ಪರೀಕ್ಷೆ ಪಾಸಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದವನೂ ನಾನೇ. ಸ್ಟೇಷನ್ನಿಗೆ ನನ್ನ ಪೆಟ್ಟಿಗೆ ಹೊತ್ತುತಂದವರು ಅವರು.

ಎರಡು ವರ್ಷ ಕಳೆದು ನಾನು ತಿರುಗಿ ಬಂದಾಗ ಸಡ್ಡಕರಿಗೆ ಹೊಸದೊಂದು ಚಾಳಿ ಹತ್ತಿತ್ತು. ಎಲ್ಲಿಂದ ಎದ್ದರೂ ಜೇಬು, ಚೀಲ ಎರಡೆರಡು ಸಲ ಮುಟ್ಟಿ ನೋಡುವುದು. ಬಾಗಿಲವರೆಗೆ ಹೋಗಿ ಮತ್ತೆ ಬಂದು ಕುಳಿತ ಜಾಗ ನೋಡುವುದು. ಮನೆಯವರೆಲ್ಲ ಮರೆಗುಳಿ ಎಂದು ಆಡಿಕೊಳ್ಳುತ್ತಿದ್ದರು. ಮಾಲೀಕರು ವರ್ಕ್‌ಶಾಪಿನ ಕೀಲಿಕೈಯನ್ನೂ ಅವರ ಕೈಗೆ ಕೊಡುವುದು ಬಿಟ್ಟರು. ಆಡಿಕೊಂಡವರಲ್ಲಿ ನಾನೂ ಇದ್ದೆ... ಹೆಚ್ಚು ನಕ್ಕವನು ನಾನೇ.

ಹೋದ ವರ್ಷ ಅವರು ತೀರಿಕೊಂಡರು. ಡೀಸೆಲ್ ವಾಸನೆ ಬಂದ ಮರುದಿನ ಟ್ರಂಕು ತೆಗೆದು, ಪುಸ್ತಕ ಹಿಡಿದು ಲಿಂಗಂಪಲ್ಲಿಗೆ ಹೋದೆ. ಸಡ್ಡಕರ ಹೆಂಡತಿ, ನಮ್ಮ ಅಕ್ಕ, ಅದನ್ನು ನೋಡಿದ ಕೂಡಲೇ ಗುರುತಿಸಿದರು.

"ಎಲ್ಲಿ ಸಿಕ್ತ್ರಿ ಇದು?"

"ನನ್ನ ಟ್ರಂಕಿನಾಗ ಇತ್ರಿ, ಅಕ್ಕಾರ. ಅವತ್ತಿನಿಂದನೂ. ನಾನ ಮುಚ್ಚಿಟ್ಟಿದ್ದೆ."

ಅವರು ಬಹಳ ಹೊತ್ತು ಸೆರಗಿನಿಂದ ರಟ್ಟು ಒರೆಸುತ್ತ ಕುಳಿತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ದವಾಖಾನ್ಯಾಗೂ ಚೀಟಿ ಎಲ್ಲಿ ಬಿಟ್ನೆ, ಎಲ್ಲಿ ಬಿಟ್ನೆ ಅಂತ ಕೇಳಾಕತ್ತಿದ್ರು. ಚೀಟಿ ಅವರ ಕೈಯಾಗ ಇತ್ತು."

ಪುಸ್ತಕವನ್ನು ನನ್ನ ಮುಂದಿಟ್ಟು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ. ಎಕ್ ಸ್ಕಾಮ್ ಮೇಯ್, ಎಂದೆ, ನನಗಷ್ಟೇ ಕೇಳುವಂತೆ. ಸರಿಯಾಗಿ ಅಂದೆನೋ ಇಲ್ಲವೋ, ತಿದ್ದುವವರು ಈಗಿಲ್ಲ.