ತಂಗಿಗೆ ಸಿಕ್ಕ ಬಿಸಿಲು

ಕಾರವಾರದ ಒಣಮೀನು ವ್ಯಾಪಾರಿಯ ಮನೆಯವರು ನೋಡಲು ಬಂದದ್ದು ನನ್ನನ್ನು. ಒಪ್ಪಿಕೊಂಡು ಹೋದದ್ದು ನನ್ನ ತಂಗಿಯನ್ನು. ಅಂಕೋಲೆಯಲ್ಲಿ ಉಪ್ಪಿನ ಚಳವಳಿಯ ಗದ್ದಲ ತಣ್ಣಗಾದ ಮರುವರ್ಷದ ಮಾತು. ನನಗೆ ಇಪ್ಪತ್ತು, ಅವಳಿಗೆ ಹದಿನೆಂಟು. ಅಪ್ಪನ ದೋಣಿ ದಡ ಸೇರಿದಾಗ ಬುಟ್ಟಿ ಹೊರುವವಳು ನಾನು, ಬಂಗಡೆ ಸೀಳಿ ಉಪ್ಪು ಸವರಿ ಮರಳ ಮೇಲೆ ಒಣಹಾಕುವವಳೂ ನಾನೇ. ತಂಗಿಯದು ಒಳಗಿನ ಅಡಿಗೆ ಕೆಲಸ. ಹುಡುಗನ ತಾಯಿ ನನ್ನ ಮುಂಗೈ ಹಿಡಿದು ತಿರುಗಿಸಿ ನೋಡಿದರು.

"ದೊಡ್ಡದು ಬಿಸ್ಲಿಗೆ ಪೂರಾ ಕಪ್ಪಾಗಿ ಹೋಗ್ಯದೆ. ಸಣ್ಣದು ಅಡ್ಡಿಲ್ಲ," ಎಂದರು.

ನಮ್ಮ ಅವ್ವಿ ತಲೆ ತಗ್ಗಿಸಿದಳು, ಆದರೆ ಇಲ್ಲ ಎನ್ನಲಿಲ್ಲ. ಮದುವೆಯ ದಿನ ತಂಗಿಗೆ ಅರಿಸಿನ ಹಚ್ಚಿದ್ದು ನಾನೇ. ಹಚ್ಚುವಾಗ ಬೇಕೆಂದೇ ಗಟ್ಟಿಯಾಗಿ ಉಜ್ಜಿದೆ.

ಆಮೇಲೆ ವರ್ಷಕ್ಕೆ ಒಂದೆರಡು ಸಲ ಕಾರವಾರಕ್ಕೆ ಹೋಗುತ್ತಿದ್ದೆ. ಹೆಂಚಿನ ಮಹಡಿ ಮನೆ, ಕಿಟಕಿಗಳಿಗೆಲ್ಲ ಪರದೆ. "ನಮ್ಮನೆ ಹೆಂಗಸ್ರು ದಂಡೆಗೆ ಹೋಗೂದಿಲ್ಲ," ಎಂದು ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ದುಡ್ಡು ಕಂಡ ಮೇಲೆ ಅವರ ಮನೆಗೆ ಅದೊಂದು ಹೆಮ್ಮೆ. ತಂಗಿಯ ಪಾದಗಳು ತೊಳೆದಿಟ್ಟ ಮೂಲಂಗಿಯ ಹಾಗೆ ಬೆಳ್ಳಗಾಗಿದ್ದವು. ನಾನು ನನ್ನ ಒಡೆದ ಹಿಮ್ಮಡಿಯನ್ನು ಸೀರೆಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದೆ. ಊರಿಗೆ ಮರಳಿದ ಮೇಲೆ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ಎರಡನೆಯ ಮಗು ಹುಟ್ಟಿ ಕೆಲವು ತಿಂಗಳಿಗೆ ಸುದ್ದಿ ಬಂತು: ತಂಗಿಗೆ ನೆಲದಿಂದ ಏಳಲಾಗುತ್ತಿಲ್ಲ. ಅವ್ವಿ ಅಳುತ್ತ ನನ್ನನ್ನು ಕರೆದುಕೊಂಡು ಹೊರಟಳು. ಅಲ್ಲಿ ನೋಡಿದರೆ ತಂಗಿ ಗೋಡೆ ಹಿಡಿದು, ಬಾತುಕೋಳಿಯಂತೆ ಆಚೀಚೆ ತೂಗುತ್ತ ನಡೆಯುತ್ತಿದ್ದಳು. ಮಹಡಿ ಹತ್ತುವುದನ್ನು ಬಿಟ್ಟು ತಿಂಗಳುಗಳೇ ಆಗಿದ್ದವು. ಅತ್ತೆ ಅದನ್ನು ಸೋಮಾರಿತನ ಎಂದರು. ನನಗೂ ಹಾಗೇ ಅನ್ನಿಸಿತು, ಒಳಗೊಳಗೆ ಖುಷಿಯೂ ಆಯಿತು. ಇದನ್ನು ಬರೆಯಲು ಈಗಲೂ ನಾಚಿಕೆ.

ಮುಂಬಯಿಯಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಆಗ ಕಾರವಾರದಲ್ಲಿದ್ದರು. ಅವರು ಬಂದು ಮೊಣಕಾಲ ಕೆಳಗಿನ ಎಲುಬನ್ನು ಬೆರಳಿನಿಂದ ಒತ್ತಿದರು. ತಂಗಿ ಕಿರುಚಿದ್ದು ಕೇಳಿ, ಇದು ಸೋಗಲ್ಲ ಎಂದು ನನಗೆ ಗೊತ್ತಾಯಿತು.

"ಇವರು ಬಿಸಿಲಿಗೆ ಹೋಗುವುದುಂಟೋ?" ಎಂದು ಡಾಕ್ಟರು ಕೇಳಿದರು.

"ಛೆ! ಎಂತಕೆ ಹೋಗ್ಬೇಕು? ಆಳುಗಳಿಲ್ವಾ?" ಎಂದರು ಅತ್ತೆ.

"ಅದೇ ತಪ್ಪಾದದ್ದು. ಮೈಗೆ ಬಿಸಿಲು ಬಿದ್ದರೆ ಒಂದು ಸತ್ವ ಹುಟ್ಟುತ್ತದೆ. ವಿಟಮಿನ್ ಡಿ ಅಂತ ಹೆಸರು. ಅದಿಲ್ಲದಿದ್ದರೆ ಎಲುಬಿಗೆ ಸುಣ್ಣದಂಶ ಹಿಡಿಯುವುದಿಲ್ಲ, ಎಲುಬು ಮೆತ್ತಗಾಗುತ್ತದೆ. ಒಂದರ ಹಿಂದೆ ಒಂದು ಹೆರಿಗೆ ಬೇರೆ." ಡಾಕ್ಟರು ನನ್ನ ಕಡೆ ಕೈ ತೋರಿಸಿದರು. "ಇವರನ್ನು ನೋಡಿ. ಹೇಗೆ ನಿಂತಿದ್ದಾರೆ!"

ಆ ಮನೆಯಲ್ಲಿ ಯಾರೋ ನನ್ನನ್ನು ಮೆಚ್ಚಿದ್ದು ಅದೇ ಮೊದಲು.

ಡಾಕ್ಟರು ಕೊಟ್ಟ ಮೀನೆಣ್ಣೆಯ ಬಾಟಲಿ, ಎರಡು ಮಕ್ಕಳ ಸಮೇತ ತಂಗಿಯನ್ನು ಅಂಕೋಲೆಗೆ ಕರೆತಂದೆವು. ಮಳೆ ಕಳೆದು ಆಕಾಶ ತೊಳೆದಂತಿದ್ದ ದಿನಗಳು. ಬೆಳಿಗ್ಗೆ ಅವ್ವಿ ಅವಳನ್ನು ಮನೆಯ ಹಿಂದಿನ ಮರಳಿನಲ್ಲಿ ಚಾಪೆ ಹಾಸಿ ಕೂರಿಸುತ್ತಿದ್ದಳು, ಕಾಲು ತಿಕ್ಕುತ್ತಿದ್ದಳು, ದೊಡ್ಡ ಮೀನಿನ ತುಂಡು ಅವಳ ತಟ್ಟೆಗೇ ಹಾಕುತ್ತಿದ್ದಳು. ಅದೇ ಬಿಸಿಲಿನಲ್ಲಿ ನಾನು ಬಂಗಡೆ ತಿರುವಿ ಹಾಕುತ್ತಿದ್ದೆ. ನನಗೆ ದುಡಿಮೆಯಾಗಿದ್ದ ಬಿಸಿಲು ಅವಳಿಗೆ ಆರೈಕೆಯಾಗಿತ್ತು. ಹೊಟ್ಟೆ ಉರಿಯಿತು.

ಒಂದು ದಿನ ಅವಳೇ ಕೇಳಿದಳು: "ಅಕ್ಕ, ನಾ ಬಂದದ್ದು ನಿಂಗೆ ಸೇರೂದಿಲ್ಲ, ಅಲ್ದಾ?"

"ಹೌದು," ಎಂದೆ.

ಅವಳು ಕಾಲಿಗಂಟಿದ ಮರಳು ಕೊಡವಿದಳು. "ಅಲ್ಲಿ ನಾನು ಪರದೆ ಸರ್ಸಿ ಮೀನು ಮಾರೂ ಹೆಂಗಸ್ರ ಕಾಲು ನೋಡ್ತಿದ್ದೆ. ಬುಟ್ಟಿ ಹೊತ್ಕಂಡು ಓಡ್ತಿದ್ರು. ಹೊಟ್ಟೇಲಿ ಬೆಂಕಿ ಬೀಳ್ತಿತ್ತು. ನಿನ್ನ ನೆನಪಾಗ್ತಿತ್ತು."

ನಾನು ಕಾಗೆ ಓಡಿಸುವ ನೆಪ ಮಾಡಿ ಎದ್ದುಹೋದೆ.

ಸುಗ್ಗಿ ಹಬ್ಬದ ಹೊತ್ತಿಗೆ ಅವಳು ಕೈಯೂರದೆ ಏಳುತ್ತಿದ್ದಳು, ನೀರಿನ ಅಂಚಿನವರೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಕರೆದೊಯ್ಯಲು ಬಂದ ಅವಳ ಗಂಡ ಅಂಗಳದಲ್ಲೇ ನಿಂತುಬಿಟ್ಟ.

"ಇದೆಂತಾ ಇದು, ಇಷ್ಟು ಕಪ್ಪಾಗ್ಯದೆ!"

ತಂಗಿಯ ಮುಖ ಬಾಡಿತು. ನಾನು ಬಾಯಿ ತೆರೆದದ್ದು ನನಗೇ ಆಶ್ಚರ್ಯ. "ಬೆಳ್ಳಗಿದ್ದಾಗ ಗೋಡೆ ಹಿಡ್ಕಂಡು ನಡೀತಿತ್ತು. ಅಂಥ ಹೆಂಡ್ತಿ ಬೇಕಾದ್ರೆ ಇಲ್ಲೇ ಬಿಟ್ಟು ಹೋಗಿ, ಭಾವ."

ಅವನು ಕೆಟ್ಟವನಲ್ಲ. ನಕ್ಕ, ಆಮೇಲೆ ತಲೆ ಕೆರೆದುಕೊಂಡು, ಇವಳನ್ನು ದಿನಾ ಹಿತ್ತಿಲ ಬಿಸಿಲಿನಲ್ಲಿ ಕೂರಲು ಬಿಡುವಂತೆ ನನ್ನ ತಾಯಿಯನ್ನು, ಆಯಿಯನ್ನು, ಒಪ್ಪಿಸುತ್ತೇನೆ ಎಂದ. ಒಪ್ಪಿಸಿದ ಕೂಡ. ನಡಿಗೆಯಲ್ಲಿ ಸಣ್ಣದೊಂದು ತೂಗಾಟ ಉಳಿದರೂ ಅವಳ ನೋವು ಹೋಯಿತು. ಈಗ ಅವಳಿಗೆ ಕಾಲೂ ಬಂತು, ಮಹಡಿ ಮನೆಯೂ ಉಳಿಯಿತು ಎಂದು ನಾನು ಲೆಕ್ಕ ಹಾಕಿದೆ.

ಮೂರನೆಯ ಹೆರಿಗೆ ಸುಸೂತ್ರವಾಯಿತು. ಬಾಣಂತನಕ್ಕೆ ನಾನೇ ಹೋದೆ. ಒಂದು ಮಧ್ಯಾಹ್ನ ಅವಳು ನಿದ್ದೆ ಹೋಗಿದ್ದಾಗ ಪೆಟ್ಟಿಗೆ ತೆರೆದು, ಅವಳ ಹಸಿರು ರೇಷ್ಮೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಅವಳಿಗೆ ಎಚ್ಚರವಿತ್ತು.

"ನಿಂಗೇ ಚಂದ ಕಾಣ್ತದೆ, ಅಕ್ಕ. ಇಟ್ಕೊ."

"ಸುಮ್ನೆ ನೋಡ್ದೆ," ಎಂದೆ. ಮಡಿಕೆ ತಪ್ಪದಂತೆ ಮಡಚಿ, ಪೆಟ್ಟಿಗೆಯಲ್ಲೇ ಇಟ್ಟೆ.