ಆಕಾಶಕ್ಕೆ ಹೋದ ಅರ್ಧ ಸೀರೆ

ನನ್ನ ಕಪಾಟಿನ ಮೇಲಿನ ಅಂಕಣದಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ ಒಂದು ಅರ್ಧ ಸೀರೆಯಿದೆ. ಕುಂಕುಮಗೆಂಪಿನ ರೇಷ್ಮೆ, ಬೆರಳಗಲದ ಜರಿಯಂಚು. ಮದುವೆಯ ದಿನ ಉಟ್ಟದ್ದು ಬಿಟ್ಟರೆ ಮತ್ತೆ ಉಟ್ಟ ನೆನಪಿಲ್ಲ. ಅದನ್ನು ಇಲಿ ಕಡಿದದ್ದಲ್ಲ, ಇಸ್ತ್ರಿಪೆಟ್ಟಿಗೆ ಸುಟ್ಟದ್ದೂ ಅಲ್ಲ. ಕತ್ತರಿ ಹಿಡಿದು ನಾನೇ ಎರಡು ಮಾಡಿದ್ದು, ಅದೂ ಪೂರ್ಣ ಪ್ರಜ್ಞೆಯಿಂದ. ಉಳಿದರ್ಧ ಎಲ್ಲಿ ಎಂದು ಕೇಳಿದರೆ ಉತ್ತರ ಸ್ವಲ್ಪ ಉದ್ದ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಪೆರಾಬೆಯ ಬಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ಪಾಠದ ಟೀಚರ್ ಆಗಿದ್ದೆ. ಪ್ರತಿವರ್ಷ ಎಂಟನೆಯ ತರಗತಿಗೆ ಒಂದು ಚಕ್ಕೋತ ಹಣ್ಣು ಒಯ್ದು, ಅದರ ಸುತ್ತ ಬೆರಳಾಡಿಸಿ ಭೂಮಿ ದುಂಡಗಿದೆ ಎಂದು ಹೇಳುವುದು, ಪಾಠ ಮುಗಿದ ಮೇಲೆ ಭೂಮಿಯನ್ನು ಸುಲಿದು ಮಕ್ಕಳಿಗೆಲ್ಲ ಹಂಚುವುದು ನನ್ನ ಪದ್ಧತಿ. ಮೂರು ವರ್ಷದ ಹಿಂದೆ ಅಸ್ಮಾ ಎಂಬ ಹುಡುಗಿ ತನ್ನ ಪಾಲಿನ ತೊಳೆಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ನಿಂತಳು. "ಟೀಚರ್, ಭೂಮಿ ಉರುಟು ಉಂಟು ಅಂತ ನೀವು ನೋಡಿದ್ದೀರಾ?"

ಇಲ್ಲ, ಪುಸ್ತಕದಲ್ಲಿ ಉಂಟು ಎಂದೆ.

"ಹಾಗಾದ್ರೆ ನಮಗೂ ಪುಸ್ತಕವೇ ಸಾಕಲ್ಲ ಟೀಚರ್?"

ಅಧಿಕಪ್ರಸಂಗವೇನಲ್ಲ, ಪಾಪ, ಅವಳು ನಿಜವಾಗಿ ಕೇಳಿದ್ದು. ಆದರೆ ಮೂವತ್ತು ವರ್ಷ ಚಕ್ಕೋತ ಹಿಡಿದು ಬೀಗಿದವಳ ಮುಖಕ್ಕೆ ಅದು ರಪ್ಪನೆ ಬಡಿಯಿತು. ಸಿಟ್ಟು ಬಂತು, ಅವಳ ಮೇಲಲ್ಲ, ನನ್ನ ಮೇಲೆ. ನೀವು ಹತ್ತನೆಯದು ಮುಗಿಸಿ ಹೋಗುವುದರೊಳಗೆ ಈ ಶಾಲೆಯ ನೆತ್ತಿಯ ಮೇಲಿನಿಂದಲೇ ಭೂಮಿಯ ಉರುಟನ್ನು ತೋರಿಸುತ್ತೇನೆ ಎಂದುಬಿಟ್ಟೆ. ನನ್ನ ನಿವೃತ್ತಿಯೂ ಅದೇ ಮಾರ್ಚಿಗೆ ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಮಾತು ತಪ್ಪಿದರೆ ತಿದ್ದಿಕೊಳ್ಳಲು ಮುಂದಿನ ವರ್ಷ ಎಂಬುದು ಇರಲಿಲ್ಲ.

ಎತ್ತರಕ್ಕೆ ಹೋಗುವ ಬಲೂನಿನ ವಿದ್ಯೆಯನ್ನು ನಾನು ಹೇಗೆ ಕಲಿತೆ, ಅನುಮತಿಗಾಗಿ ಎಷ್ಟು ಮೇಜುಗಳ ಮುಂದೆ ನಿಂತೆ ಎಂದು ಹೇಳಿ ನಿಮ್ಮನ್ನು ಗೋಳು ಹೊಯ್ದುಕೊಳ್ಳುವುದಿಲ್ಲ. ಕೊನೆಗೆ ಒಂದು ಥರ್ಮೊಕೋಲಿನ ಪೆಟ್ಟಿಗೆ ಸಿದ್ಧವಾಯಿತು. ಅದರೊಳಗೆ ಒಂದು ಪುಟ್ಟ ಕ್ಯಾಮೆರಾ, ಮತ್ತು ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊದಲ್ಲಿ ಕೂಗಿ ಹೇಳುವ ಒಂದು ಯಂತ್ರ. ಚಿತ್ರಗಳು ಮಾತ್ರ ಕ್ಯಾಮೆರಾದೊಳಗೇ ಉಳಿಯುವಂಥವು. ಪೆಟ್ಟಿಗೆ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಬಲೂನು ಒಡೆದ ಮೇಲೆ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸುವ ಪ್ಯಾರಾಚೂಟಿಗೆ ಹಗುರವೂ ಗಟ್ಟಿಯೂ ಆದ ಬಟ್ಟೆ ಬೇಕಿತ್ತು. ನಮ್ಮ ಹಸುರಿನ ನಡುವೆ ದೂರದಿಂದಲೇ ಕಾಣಬೇಕಾದರೆ ಕೆಂಪೇ ಆಗಬೇಕಿತ್ತು. ಕಪಾಟು ತೆರೆದೆ. ನಮ್ಮವರು ಪೇಪರ್ ಕೆಳಗಿಟ್ಟು, "ಎಂತ ಮಾರಾಯ್ತಿ, ಮದುವೆ ಸೀರೆಗೆ ಕತ್ತರಿ ಹಾಕುದಾ? ನಾನಿನ್ನೂ ಬದುಕಿದ್ದೇನೆ!" ಎಂದು ಕೂಗಿದರು. ಅರ್ಧ ನಿಮಗೆ ಇಟ್ಟಿದ್ದೇನೆ ಎಂದು ಸಮಾಧಾನ ಹೇಳಿದೆ.

ಜನವರಿಯ ಒಂದು ಬೆಳಗ್ಗೆ ಅದು ಶಾಲೆಯ ಮೈದಾನದಿಂದ ಎದ್ದಿತು. ನಾವೆಲ್ಲ ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ, ಅದು ಸಾಸಿವೆಯಷ್ಟಾಗಿ ಇಲ್ಲವಾದ ಮೇಲೆ ಕಂಪ್ಯೂಟರಿಗೆ ಮುತ್ತಿಕೊಂಡೆವು. ಪರದೆಯ ಮೇಲೆ ಇಡೀ ಭೂಗೋಳವನ್ನೇ ತೋರಿಸುವ ಆ ತಂತ್ರಾಂಶವನ್ನು ನೀವೂ ನೋಡಿರಬಹುದು. ಕರಿಯ ಬಾನಿನಲ್ಲಿ ನೀಲಿ ಉಂಡೆ, ಮೌಸಿನಿಂದ ತಳ್ಳಿದರೆ ತಿರುಗುತ್ತದೆ, ಹತ್ತಿರ ಎಳೆದರೆ ಖಂಡ, ನಾಡು, ಹೊಳೆ, ಕೊನೆಗೆ ನಿಮ್ಮ ಮನೆಯ ಹಂಚು. ಇಡೀ ಭೂಮಂಡಲವೇ ಕೈಗೆ ಸಿಕ್ಕಿದರೂ ಮನುಷ್ಯ ಮೊದಲು ಹುಡುಕುವುದು ತನ್ನ ಅಂಗಳವನ್ನೇ. ಆ ಉಂಡೆಯ ಮೇಲೆ ನಮ್ಮ ಬಲೂನಿನ ದಾರಿ ಹಳದಿ ಗೆರೆಯಾಗಿ ಬೆಳೆಯಿತು. ಮೊದಲು ಪುತ್ತೂರಿನ ಕಡೆಗೆ ಹೊರಟದ್ದು, ಅಲ್ಲೇನೋ ಮರೆತವರಂತೆ ತಿರುಗಿ, ಮೇಲಿನ ಗಾಳಿಗೆ ಸಿಕ್ಕಿ ಕಡಬದ ನೆತ್ತಿ ದಾಟಿ ಮೂಡಣಕ್ಕೆ ಓಡಿ, ಕೊಲ್ಲಮೊಗ್ರಿನ ಕಾಡಿನಂಚಿನಲ್ಲಿ ನಿಂತಿತು. ಆಮೇಲೆ ಯಂತ್ರದ ಸದ್ದಿಲ್ಲ.

ಗೆರೆ ನಿಂತಲ್ಲಿ ಪೆಟ್ಟಿಗೆ ಬಿದ್ದಿದೆ ಎಂದು ನಾನು ತೀರ್ಮಾನಿಸಿದೆ. ಎರಡು ಭಾನುವಾರ ಬಸ್ಸು, ಜೀಪು ಹತ್ತಿ ಅಲ್ಲಿಗೆ ಹೋದೆ. ಮುಳ್ಳುಪೊದೆ ಹೊಕ್ಕೆ, ನೀರಿನ ತೋಡು ದಾಟಿದೆ, ಸಿಕ್ಕಿದವರನ್ನೆಲ್ಲ "ಬಲೂನಿನ ಪೆಟ್ಟಿಗೆ ಕಂಡಿದ್ದೀರಾ?" ಎಂದು ಕೇಳಿದೆ. ಯಾರೂ ಕಂಡಿರಲಿಲ್ಲ. ಎರಡನೆಯ ಸಲ ಬರುವಾಗ ಮೊಣಕಾಲು ಊದಿಕೊಂಡಿತ್ತು. "ಬಿಟ್ಟುಬಿಡು," ಎಂದರು ನಮ್ಮವರು. ಬಿಡುವುದಾ? ಅಸ್ಮಾ ದಿನಾ ಮೊದಲ ಬೆಂಚಿನಲ್ಲಿ ಕೂತು, ಏನೂ ಕೇಳದೆ ನನ್ನ ಮುಖ ನೋಡುತ್ತಿದ್ದಳು. ಕೇಳಿದ್ದರೆ ಗದರಬಹುದಿತ್ತು. ಹತ್ತನೆಯವರಿಗೆ ಪರೀಕ್ಷೆಯ ರಜೆ ಬರಲು ಒಂದು ವಾರ ಮಾತ್ರ ಉಳಿದಿತ್ತು.

ಆ ಶನಿವಾರ ಮತ್ತೆ ಆ ಹಳದಿ ಗೆರೆಯನ್ನು ಎದುರಿಟ್ಟುಕೊಂಡು ಕುಳಿತೆ. ಭೂಗೋಳವನ್ನು ಓರೆ ಮಾಡಿ ಬದಿಯಿಂದ ನೋಡಿದೆ. ಗೆರೆ ಗುಡ್ಡ ಹತ್ತುತ್ತಿತ್ತು, ತೋಡಿಗೆ ಇಳಿಯುತ್ತಿತ್ತು, ಇರುವೆಯ ಸಾಲಿನಂತೆ ನೆಲಕ್ಕೆ ಅಂಟಿಕೊಂಡೇ ಸಾಗಿತ್ತು. ಅಯ್ಯೋ, ಮುಗಿಲಿಗೆ ಹೋದ ಬಲೂನು ಗುಡ್ಡ ಹತ್ತುವುದುಂಟೇ! ಗೆರೆಯನ್ನು ನೆಲಕ್ಕೆ ಅಂಟಿಸಬೇಕೋ, ಅದರದ್ದೇ ಎತ್ತರದಲ್ಲಿ ನಿಲ್ಲಿಸಬೇಕೋ ಎಂದು ಆ ತಂತ್ರಾಂಶ ಮೊದಲೇ ಕೇಳುತ್ತದೆ. ನೆಲಕ್ಕೆ ಎಂದು ಒತ್ತಿದ್ದವಳು ನಾನೇ. ಬದಲಾಯಿಸಿದೆ. ಗೆರೆ ಚಂಗನೆ ಎದ್ದಿತು. ಪುತ್ತೂರು, ಕಡಬಗಳೆಲ್ಲ ಅದರ ಕೆಳಗೆ ಎಲ್ಲೋ ಅಡಗಿದವು, ಅದು ಬಿಲ್ಲಿನಂತೆ ಬಾಗಿ ಇಳಿಯಿತು, ಮತ್ತು ಕೊಲ್ಲಮೊಗ್ರಿನ ಮೇಲೆ, ನೆಲ ಮುಟ್ಟುವ ಮೊದಲೇ, ಗಾಳಿಯಲ್ಲಿ ಕಡಿದು ನಿಂತಿತು. ಪೆಟ್ಟಿಗೆ ಗುಡ್ಡದ ಮರೆಗೆ ಇಳಿದಾಗ ಅದರ ಕೂಗು ನಮಗೆ ಕೇಳಿಸಿರಲಿಲ್ಲ, ಅಷ್ಟೇ. ನಾನು ಎರಡು ವಾರ ಹುಡುಕಿದ ಜಾಗದ ಮೇಲಿನಿಂದ ಅದು ಸುಮ್ಮನೆ ಹಾದುಹೋಗಿತ್ತು.

ಎತ್ತರ ಏನೆಂದು ಕಲಿಸಲು ಹೊರಟವಳು ಎತ್ತರವನ್ನೇ ಅಳಿಸಿಹಾಕಿದ್ದೆ. ನಮಗೆ ಗೊತ್ತಿರುವ ನೆಲಕ್ಕೆ ಎಲ್ಲವನ್ನೂ ಒತ್ತಿ ಅಂಟಿಸುವ ಈ ಚಾಳಿ ಕಂಪ್ಯೂಟರಿನದಲ್ಲ, ನಮ್ಮದು. ನಾಚಿಕೆಯೂ ಆಯಿತು, ಉತ್ಸಾಹವೂ ಬಂತು. ಕೆಳಗಿನ ಗಾಳಿ ಪಡುವಣಕ್ಕೆ ಬೀಸುತ್ತಿದ್ದುದನ್ನೂ ಪೆಟ್ಟಿಗೆ ಇಳಿಯುತ್ತಿದ್ದ ವೇಗವನ್ನೂ ಸೇರಿಸಿ ಲೆಕ್ಕ ಹಾಕಿ, ಒಂದು ಕಿಲೋಮೀಟರು ಹಿಂದಕ್ಕೆ, ಒಂದು ಹೊಸ ಗುರುತು ಹಾಕಿದೆ.

ಮರುದಿನ ಆ ಗುರುತಿನ ಹತ್ತಿರದ ಮನೆಯಲ್ಲಿ ಕುಸುಮಕ್ಕ ಎಂಬ ಹಿರಿಯ ಹೆಂಗಸು ನನ್ನನ್ನು ಕೂರಿಸಿ, ಊರ ಪದ್ಧತಿಯಂತೆ ಬೆಲ್ಲ, ನೀರು ಕೊಟ್ಟರು. ಬಲೂನಿನ ಪೆಟ್ಟಿಗೆಯನ್ನು ಅವರೂ ಕಂಡಿರಲಿಲ್ಲ. ನಾನು ಎದ್ದು ಹೊರಡುವಾಗ ಅವರೇ ಮಾತು ಮುಂದುವರಿಸಿದರು. "ಎಲ್ಲರಿಗೂ ಒಂದೊಂದು ಕಷ್ಟ ಉಂಟು ಟೀಚರ್. ನಮ್ಮ ದೈವದ ಬನದಲ್ಲಿ ಯಾರೋ ಹರಕೆಗೆ ರೇಷ್ಮೆಪಟ್ಟೆ ಕಟ್ಟಿದ್ದಾರೆ, ಜರಿಯದ್ದು. ಅಷ್ಟು ಎತ್ತರದ ಮರಕ್ಕೆ ಹತ್ತಿ ಕಟ್ಟಬೇಕಾದ್ರೆ ಅವರಿಗೆ ಎಂತ ಸಂಕಟ ಇತ್ತೋ ಏನೋ. ನಾನು ದಿನಾ ಅವರಿಗಾಗಿ ಕೈ ಮುಗಿಯುದು."

"ಕುಸುಮಕ್ಕಾ, ಅದು ನನ್ನ ಸೀರೆ!" ಎಂದು ಕಿರುಚಿದೆ.

ಕೆಂಪು ಹಾಕಿದರೆ ಎಲ್ಲರಿಗೂ ಕಾಣುತ್ತದೆ ಎಂದುಕೊಂಡಿದ್ದೆ. ಕಂಡಿತ್ತು, ಊರಿಗೆಲ್ಲ ಕಂಡಿತ್ತು. ಬನದಲ್ಲಿ ಕೆಂಪು ಪಟ್ಟೆ ತೂಗಿದರೆ ಅದು ಹರಕೆ, ಯಾರೂ ಮುಟ್ಟುವುದಿಲ್ಲ, ಮುಟ್ಟಿ ವಿಚಾರಿಸುವುದೂ ಇಲ್ಲ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ!

ಕುಸುಮಕ್ಕ ಬನದಲ್ಲಿ ದೀಪ ಇಡುವ ಹೊನ್ನಪ್ಪಣ್ಣನನ್ನು ಕರೆಸಿದರು, ಮೂವರೂ ಬನಕ್ಕೆ ಹೋದೆವು; ಪಟ್ಟೆಯ ಕೆಳಗೆ, ದಟ್ಟ ಎಲೆಗಳ ಮರೆಯಲ್ಲಿ ಪೆಟ್ಟಿಗೆ ತೂಗುತ್ತಿತ್ತು. ಅವರು ಎಲ್ಲ ಕೇಳಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಮರ ನೋಡಿದರು. ಬೇಡ ಎಂದರೆ ಏನು ಮಾಡಲಿ ಎಂದುಕೊಂಡೆ. "ಪೆಟ್ಟಿಗೆ ನಿಮ್ಮದು, ಕೊಂಡೋಗಿ. ಪಟ್ಟೆ ತಾನಾಗಿ ಬಂದು ಬನ ಸೇರಿದ್ದು, ಅದು ಇರಲಿ," ಎಂದರು. ಅಡಿಕೆ ಕೊಯ್ಯುವ ಉದ್ದನೆಯ ದೋಟಿಯ ತುದಿಗತ್ತಿಯಿಂದ ಅವರು ಹಗ್ಗಗಳನ್ನು ಒಂದೊಂದಾಗಿ ಕೊಯ್ದಾಗ, ಕೆಳಗೆ ಚಾಚಿದ್ದ ಗೋಣಿಯೊಳಕ್ಕೆ ಪೆಟ್ಟಿಗೆ ಧೊಪ್ಪೆಂದು ಬಿತ್ತು. ಸೀರೆ ಮೇಲೆಯೇ ಉಳಿಯಿತು.

ಸೋಮವಾರ ತರಗತಿಯ ಗೋಡೆಯ ಮೇಲೆ ಆ ಚಿತ್ರ ಬಿತ್ತು. ಮೇಲೆ ಕಡುಗಪ್ಪು; ಕೆಳಗೆ ಮೋಡದ ಬಿಳಿ, ಕಡಲಿನ ನೀಲಿ; ನಡುವೆ ತೆಳ್ಳಗೆ ಹೊಳೆಯುವ ಒಂದು ಅಂಚು, ನಿಜವಾಗಿಯೂ ಬಾಗಿದ ಅಂಚು. ಬಲೂನು ಒಡೆದ ಗಳಿಗೆಯಲ್ಲಿ ತೆಗೆದದ್ದಾದ್ದರಿಂದ ಮೂಲೆಯಲ್ಲಿ ನನ್ನ ಸೀರೆಯ ಜರಿ ಬೇರೆ. ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದು ಕಣ್ಣೆದುರು ನಿಂತಿತ್ತು. ಅಸ್ಮಾ ಗೋಡೆಯ ಹತ್ತಿರ ಹೋಗಿ ಆ ಬಾಗಿನ ಮೇಲೆ ಬೆರಳಾಡಿಸಿದಳು, ಚಕ್ಕೋತದ ಮೇಲೆ ನಾನು ಆಡಿಸುತ್ತಿದ್ದ ಹಾಗೆಯೇ.

ಮಾರ್ಚಿನ ಕೊನೆಯಲ್ಲಿ ನನ್ನ ಬೀಳ್ಕೊಡುಗೆಗೆ ಶಾಲು, ಹಣ್ಣಿನ ಬುಟ್ಟಿ ಎಲ್ಲ ತಂದಿದ್ದರು. ಶಾಲು ಬೇಡ, ಇದನ್ನು ಹೊದೆಸಿ ಎಂದು ಚೀಲದಿಂದ ಅರ್ಧ ಸೀರೆ ತೆಗೆದೆ. ಹೊದೆಸುವವಳು ಅಸ್ಮಾ ಆಗಬೇಕೆಂದು ಹಟ ಹಿಡಿದೆ. ಪರೀಕ್ಷೆಯ ನಡುವೆಯೇ ಬಂದಿದ್ದ ಅವಳು ಸೀರೆಯನ್ನು ಹೆಗಲಿಗೆ ಹಾಕಿ, ಕಿವಿಯ ಹತ್ತಿರ ಬಗ್ಗಿ, "ಟೀಚರ್, ಇನ್ನು ಯಾರಾದ್ರೂ ಕೇಳಿದ್ರೆ, ನೋಡಿದ್ದೇನೆ ಅಂತ ಹೇಳಿ," ಎಂದಳು. ನಾನು ಆ ಕೆಂಪು ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.